ಲಗ್ನಪತ್ರಿಕೆಯ ಬಾಬು ಜಾನ್

ಮಳವಳ್ಳಿ ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಛತ್ರ ಹುಡುಕುವುದಕ್ಕೂ ಮೊದಲು ಜನ ಬಾಬು ಜಾನ್‌ನನ್ನು ಹುಡುಕಿಕೊಂಡು ಬರುತ್ತಿದ್ದರು. ಬಸ್ ನಿಲ್ದಾಣದ ಹತ್ತಿರ ಒಂದು ಮಹಡಿಯ ಮೇಲೆ ಅವನ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬೀಗರೂಟದ ಕಾರ್ಡು, ತಿಥಿ ಪತ್ರಿಕೆ, ಹಳ್ಳಿಯವರು ಕಲಿತು ಆಡುವ ಪೌರಾಣಿಕ ನಾಟಕದ ಕರಪತ್ರ, ಎಲ್ಲವನ್ನೂ ಅವನು ಟೈಪು ಮಾಡಿ, ಅಂದವಾಗಿ ಜೋಡಿಸಿ ಪ್ರೆಸ್ಸಿಗೆ ಕಳಿಸುತ್ತಿದ್ದ. ಅವನ ಕೈಯಿಂದ ಹೋದ ಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿರುತ್ತಿರಲಿಲ್ಲ. ಯಾರ ಹೆಸರು ಯಾರ ಹೆಸರಿಗಿಂತ ಮೇಲಿರಬೇಕು ಎನ್ನುವುದೂ ತಪ್ಪುತ್ತಿರಲಿಲ್ಲ. ಇದು ಸಣ್ಣ ಮಾತಲ್ಲ. ತಮ್ಮನ ಹೆಸರು ಅಣ್ಣನ ಹೆಸರಿಗಿಂತ ಮೇಲೆ ಬಂದದ್ದಕ್ಕೆ ಧಾರೆಯ ಹೊತ್ತಿಗೆ ಛತ್ರದಿಂದ ಎದ್ದು ಹೋದ ದೊಡ್ಡಪ್ಪಂದಿರನ್ನು ನಮ್ಮ ಕಡೆಯವರೆಲ್ಲ ನೋಡಿದ್ದಾರೆ.

ಬಾಬು ಜಾನ್ ಓದಿದ್ದು ಅಲ್ಲಿನ ಸರ್ಕಾರಿ ಶಾಲೆಯಲ್ಲಿ, ಕನ್ನಡದಲ್ಲಿ. ಮನೆಯ ಮಾತು ಉರ್ದು. ಆದರೆ ಅವನೂ ಅವನ ಹೆಂಡತಿ ನಜ್ಮುನ್ನೀಸಾಳೂ ಜಗಳಕ್ಕೆ ನಿಂತರೆ ತಮಗೇ ಗೊತ್ತಿಲ್ಲದಂತೆ ಕನ್ನಡಕ್ಕೆ ಇಳಿದುಬಿಡುತ್ತಿದ್ದರು. ಬಂಡೂರಿನ ಪಕ್ಕದ ಹಳ್ಳಿಯಲ್ಲಿ ಬೆಳೆದ ನಜ್ಮುನ್ನೀಸಾಳಿಗೆ ಬೈಯುವುದಕ್ಕೆ ಕನ್ನಡವೇ ಸಲೀಸು. ಮಗಳನ್ನು ಮೈಸೂರಿಗೆ ಕೊಟ್ಟಿದ್ದರು. ಮನೆಯಲ್ಲಿ ಇಬ್ಬರೇ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಯಾರದೋ ಗೃಹಪ್ರವೇಶದ ಪತ್ರಿಕೆ ಟೈಪು ಮಾಡುತ್ತಿದ್ದಾಗ ಬಾಬು ಜಾನ್ ಕುರ್ಚಿಯಿಂದ ಎಡಕ್ಕೆ ಜಾರಿ ಬಿದ್ದ. ಮಂಡ್ಯದ ಆಸ್ಪತ್ರೆಗೆ ಸೇರಿಸಿದರು. ಪಾರ್ಶ್ವವಾಯು. ಮೆದುಳಿನ ಬಲಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ, ಹಾಗಾಗಿ ಎಡಗೈ ಎಡಗಾಲು ಹೋಗಿವೆ ಎಂದರು. ಕಾಲು ನಿಧಾನವಾಗಿ ಬಂತು, ಎಳೆದುಕೊಂಡಾದರೂ ನಡೆಯುವಂತಾದ. ಕೈ ಬರಲಿಲ್ಲ. ಆಗಾಗ ಬೆರಳುಗಳು ತಾವಾಗಿ ಬಿಗಿದುಕೊಂಡು ಸಡಿಲವಾಗುತ್ತಿದ್ದವು, ಅಷ್ಟೆ. ಚರ್ಮಕ್ಕೆ ಏನೂ ತಿಳಿಯುತ್ತಿರಲಿಲ್ಲ. ಮೊದಮೊದಲು ತಟ್ಟೆಯ ಬಲಗಡೆಯ ಅನ್ನ ಮಾತ್ರ ತಿಂದು, ಎಡಗಡೆಯದನ್ನು ಹಾಗೇ ಬಿಟ್ಟು, ಸಾರು ಸಾಲದು ಎನ್ನುತ್ತಿದ್ದ. ಎಡಗಡೆ ಇರುವುದನ್ನು ಮೆದುಳು ಮರೆಯುತ್ತದೆ, ಬರುಬರುತ್ತಾ ಸರಿಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ತಟ್ಟೆಯ ವಿಷಯದಲ್ಲಿ ಸರಿಹೋಯಿತು.

ಆಸ್ಪತ್ರೆಯಿಂದ ಬರುವಾಗ ಇನ್ನೊಂದು ಮಾತು ಹೇಳಿ ಕಳಿಸಿದ್ದರು. ಸತ್ವವಿಲ್ಲದ ಕೈಯನ್ನು ಜೋತುಬಿಡಬಾರದು, ಭಾರಕ್ಕೆ ಭುಜದ ಕೀಲು ಜಾರುತ್ತದೆ. ಕೂತಾಗಲೆಲ್ಲ ಮೇಜಿನ ಮೇಲೋ ದಿಂಬಿನ ಮೇಲೋ ಎತ್ತಿ ಇಡಬೇಕು. ನಜ್ಮುನ್ನೀಸಾ ಈ ಮಾತನ್ನು ನಮಾಜಿನಷ್ಟೇ ನಿಷ್ಠೆಯಿಂದ ಪಾಲಿಸಿದಳು. ಗಂಡ ಎಲ್ಲಿ ಕೂತರೂ ಬಂದು ಆ ಕೈಯನ್ನು ಎರಡೂ ಕೈಯಲ್ಲಿ ಎತ್ತಿ, ಬೆರಳು ಬಿಡಿಸಿ, ಇಡಬೇಕಾದಲ್ಲಿ ಇಟ್ಟು ಹೋಗುತ್ತಿದ್ದಳು.

ಮಹಡಿ ಹತ್ತಲು ಆಗದ್ದರಿಂದ ಅಂಗಡಿ ಬಿಡಬೇಕಾಯಿತು. ಮದ್ದೂರಿನಲ್ಲಿ ಬೈಕ್ ಗ್ಯಾರೇಜು ಇಟ್ಟಿದ್ದ ನಜ್ಮುನ್ನೀಸಾಳ ತಮ್ಮ ಝುಬೇರ್, ಯಾರೋ ಬಳಸಿ ಬಿಟ್ಟಿದ್ದ ಒಂದು ಲ್ಯಾಪ್‌ಟಾಪು ತಂದುಕೊಟ್ಟ.

"ಭಾಯ್, ಮನೇಲೇ ಕುಂತ್ಕೊಂಡು ಮಾಡಿ. ಒಂದ್ ಕೈ ಸಾಕಲ್ವಾ? ನಿಮ್ಮ ಒಂದ್ ಕೈ ಬೇರೆಯೋರ ನಾಕು ಕೈಗೆ ಸಮ" ಎಂದ.

ನಡುಮನೆಯ ಕಿಟಕಿಯ ಪಕ್ಕ ಪುಟ್ಟ ಮೇಜು ಹಾಕಿದರು. ಬಾಬು ಜಾನ್ ಬಲಗೈಯೊಂದರಲ್ಲೇ ಟೈಪು ಮಾಡುವುದನ್ನು ಕಲಿತ. ಮೊದಲಾದರೆ ಕೀಲಿಗಳ ಕಡೆ ನೋಡದೆ ಹತ್ತೂ ಬೆರಳಲ್ಲಿ ಹೊಡೆಯುತ್ತಿದ್ದವನು ಈಗ ತಲೆ ಬಗ್ಗಿಸಿ ಒಂದೊಂದು ಕೀಲಿಯನ್ನೂ ಹುಡುಕಿ ಒತ್ತುತ್ತಿದ್ದ. ನಿಧಾನವಾಯಿತು, ಆದರೆ ಆಯಿತು. ಹಳೆಯ ಗಿರಾಕಿಗಳು ಮನೆಗೇ ಬರತೊಡಗಿದರು.

ತೊಂದರೆ ಶುರುವಾದದ್ದು ಆಗಲೇ. ಒಂದು ಸಾಲು ಟೈಪು ಮಾಡಿ ತಲೆ ಎತ್ತಿದರೆ ಸಾಲಿನ ಅರ್ಧ ಇರಬೇಕಾದಲ್ಲಿ ಇರುತ್ತಿತ್ತು. ಉಳಿದರ್ಧ ಮೇಲೆಲ್ಲೋ ಬೇರೆ ಹೆಸರಿನ ಹೊಟ್ಟೆಯೊಳಗೆ ಸೇರಿಕೊಂಡಿರುತ್ತಿತ್ತು. ಕೆಲವೊಮ್ಮೆ ಇಡೀ ಪ್ಯಾರಾ ನೀಲಿಯಾಗಿ, ಮುಂದಿನ ಅಕ್ಷರ ಒತ್ತಿದ ತಕ್ಷಣ ಮಾಯವಾಗುತ್ತಿತ್ತು. ಬಾಬು ಜಾನ್ ಮೊದಲು ನಕ್ಕ. ಆಮೇಲೆ ಬೈದ. ಕೊನೆಗೆ ಯಾರಿಗೂ ಹೇಳದೆ ತಪ್ಪಿದ್ದನ್ನೆಲ್ಲ ಅಳಿಸಿ ತಿದ್ದಿಕೊಂಡು ಹೋಗುತ್ತಿದ್ದ. ಹಾಗೆ ತಿದ್ದುತ್ತಿರುವಾಗ ಒಂದು ತಪ್ಪು ಕಣ್ಣು ತಪ್ಪಿಸಿಕೊಂಡಿತು.

ಪುಟ್ಟರಾಜು ಬಾಬು ಜಾನ್‌ನ ಶಾಲೆಯ ಜೊತೆಗಾರ. ಬಂಡೂರು ಕಡೆಯ ರೈತ, ಒಳ್ಳೆಯ ಕುರಿಗಳನ್ನು ಸಾಕಿದವನು. ಅವನ ಮಗಳು ಪ್ರಿಯಾಂಕಳ ಮದುವೆ ಬಸರಾಳಿನ ಹುಡುಗನ ಜೊತೆ ಗೊತ್ತಾಗಿತ್ತು. ಪತ್ರಿಕೆ ಸಿದ್ಧವಾಗಿ, ಪುಟ್ಟರಾಜು ಪ್ರೂಫು ನೋಡಿ ಒಪ್ಪಿದ ಮೇಲೆ ಫೋನು ಬಂತು. "ನಮ್ಮಪ್ಪನ ಎಸ್ರೇ ಬುಟ್ಟೋಗದೆ ಕಣ್ಲಾ. ಅದೊಂದ ಸೇರ್ಸ್‌ಬುಡು" ಎಂದ. ತೀರಿಕೊಂಡ ತಂದೆಯ ಹೆಸರು ಮಹದೇವು. ಬಾಬು ಜಾನ್ ಹೆಸರು ಹೊಡೆದು, ಕೀಲಿ ಒತ್ತಿ ಅದರ ಹಿಂದಕ್ಕೆ ಹೋಗಿ 'ದಿ||' ಎಂದು ಹೊಡೆದು, ತಲೆ ಎತ್ತಿ ನೋಡಿದರೆ ಬರೀ 'ಮಹದೇವು' ಎಂದಿತ್ತು. ಮರೆತೆನೇನೋ ಅಂದುಕೊಂಡು ಹಿಂದೆ ಹೋಗಿ ಇನ್ನೊಮ್ಮೆ 'ದಿ||' ಸೇರಿಸಿ ಪ್ರೆಸ್ಸಿಗೆ ಕಳಿಸಿದ.

ಪತ್ರಿಕೆಗಳು ಬಂದು, ಹಂಚಿಕೆಯೂ ಶುರುವಾದ ಮೇಲೆ ಒಂದು ಬೆಳಿಗ್ಗೆ ಪುಟ್ಟರಾಜು ಬಂದ. ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕಾರ್ಡನ್ನು ಮುಂದೆ ಚಾಚಿದ.

"ಲೋ ಬಾಬು, ಓದ್ಲಾ ಇದನ್ನ. ಬಾಯ್ಬುಟ್ಟು ಓದು."

ಬಾಬು ಜಾನ್ ಕನ್ನಡಕ ಸರಿಮಾಡಿಕೊಂಡು ಓದತೊಡಗಿದ. ವಧುವಿನ ತಂದೆಯ ಸಾಲಿಗೆ ಬಂದಾಗ ಧ್ವನಿ ನಿಂತಿತು. ಅಲ್ಲಿ 'ದಿ|| ಪುಟ್ಟರಾಜು' ಎಂದಿತ್ತು.

"ನಾನ್ ಸತ್ತೋಗಿವ್ನಾ? ಏಳು. ನಿನ್ ಮುಂದೆ ನಿಂತಿರೋನು ಯಾರು, ದೆವ್ವನಾ?"

"ಪುಟ್ಟ, ಪ್ರೂಫು ನೀನೇ ನೋಡಿದ್ಯಲ್ಲೋ..."

"ನಾನ್ ನೋಡ್ದಾಗ ಬದ್ಕಿದ್ದೆ ಕಣ್ಲಾ!"

ಒಳಗಿನಿಂದ ಬಂದ ನಜ್ಮುನ್ನೀಸಾ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಳು. ಪುಟ್ಟರಾಜು ಅವಳ ಕಡೆ ನೋಡಲಿಲ್ಲ. "ಬಸರಾಳಿನ ಬೀಗ್ರು ಪೋನ್ ಮಾಡವ್ರೆ, ಯಾವಾಗ ತೀರ್ಕೊಂಡ್ರು, ಒಂದ್ ಮಾತು ತಿಳಿಸ್ಬಾರ್ದಿತ್ತಾ ಅಂತ. ನಮ್ಮವ್ವ ಎದೆ ಬಡ್ಕೊಂಡು ಕುಂತವ್ಳೆ. ಮಗ್ಳ ಮದ್ವೇಲಿ ಅಪ್ಪನ್ನ ಸಾಯ್ಸ್‌ಬುಟ್ಯಲ್ಲೋ. ಬೇರೆ ಯಾರಾದ್ರೂ ಆಗಿದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟು ಹೊರಟುಹೋದ. ಕಾರ್ಡು ಹೊಸ್ತಿಲ ಮೇಲೆ ಬಿದ್ದಿತ್ತು.

ಬೇರೆ ಕಡೆ ಹೊಸ ಪತ್ರಿಕೆ ಮಾಡಿಸಿದರು. ಮದುವೆ ನಡೆಯಿತು. ಬಾಬು ಜಾನ್ ಹೋಗಲಿಲ್ಲ, ಯಾರೂ ಕರೆಯಲೂ ಇಲ್ಲ. ಸುದ್ದಿ ಮಾತ್ರ ಹಳ್ಳಿ ಹಳ್ಳಿ ಸುತ್ತಿತು. ಬದುಕಿರುವವರನ್ನು ಸಾಯಿಸುವ ಸಾಬರು ಎಂದು ಚಹಾದಂಗಡಿಗಳಲ್ಲಿ ನಗೆಯಾಡಿದರು. ಕೆಲಸ ಕೊಟ್ಟಿದ್ದ ಕೆಲವರು ಬಂದು ತಮ್ಮ ಕಾಗದಗಳನ್ನು ಮೆತ್ತಗೆ ವಾಪಸು ತೆಗೆದುಕೊಂಡು ಹೋದರು.

ಝುಬೇರ್ ಮದ್ದೂರಿನಿಂದ ಬಂದು ಕೂತ. "ಇದು ಮಿಷಿನ್ನಿನ ಕಾಯಿಲೆ ಭಾಯ್, ನಿಮ್ದಲ್ಲ" ಎಂದು ಧೈರ್ಯ ಹೇಳಿ ಲ್ಯಾಪ್‌ಟಾಪನ್ನು ಮಂಡ್ಯದ ರಿಪೇರಿಯವನ ಹತ್ತಿರ ಒಯ್ದ. ವೈರಸ್ ನೋಡಿದರು. ಕನ್ನಡದ ಸಾಫ್ಟ್‌ವೇರು ತೆಗೆದು ಹೊಸದಾಗಿ ಹಾಕಿದರು. ಕೀಲಿಮಣೆಯನ್ನೇ ಬದಲಿಸಿದರು. ಆ ರಿಪೇರಿಯವನು ಗಟ್ಟಿ ಮನುಷ್ಯ. ಬರೀ ಯಂತ್ರ ನೋಡಿ ಬಿಡದೆ ಬಾಬು ಜಾನ್‌ಗೆ ಫೋನನ್ನೂ ಮಾಡಿದ.

"ಸಾರ್, ಕೀಬೋರ್ಡ್ ಕೆಳಗೆ ಚೌಕವಾಗಿ ನುಣ್ಣಗಿದ್ಯಲ್ಲ, ಟಚ್‌ಪ್ಯಾಡು, ಅದಕ್ಕೆ ಟೈಪ್ ಮಾಡ್ವಾಗ ನಿಮ್ ಅಂಗೈ ಏನಾದ್ರೂ ತಾಗ್ತದಾ? ತಾಗಿದ್ರೆ ಕರ್ಸರ್ ಎಗರ್ತದೆ. ಸುಮಾರು ಜನಕ್ಕೆ ಅದೇ ಪ್ರಾಬ್ಲಮ್ಮು."

ಬಾಬು ಜಾನ್ ಆ ಕ್ಷಣ ತನ್ನ ಬಲಗೈ ನೋಡಿಕೊಂಡ. "ಇಲ್ಲಪ್ಪ" ಎಂದ. "ನಾನು ಟೈಪ್ ಮಾಡೋದೇ ಒಂದ್ ಕೈಲಿ. ಆ ಕೈ ಮೇಲೇ ಇರ್ತದೆ, ಕೆಳಗೆ ಇಳಿಯೋದೇ ಇಲ್ಲ. ಆ ಚೌಕಾನ ನಾನು ಮುಟ್ಟೋದೂ ಇಲ್ಲ, ನನಗೆ ಮೌಸ್ ಅದೆ."

ಅವನು ಸುಳ್ಳು ಹೇಳಲಿಲ್ಲ. ಅವನ ಪಾಲಿಗೆ ಇದ್ದದ್ದು ಒಂದೇ ಕೈ. ರಿಪೇರಿಯವನಿಗೂ ಅವನ ಕಾಯಿಲೆಯ ವಿಷಯ ತಿಳಿದಿರಲಿಲ್ಲ. "ಹಂಗಾದ್ರೆ ಅದಲ್ಲ ಬಿಡಿ ಸಾರ್" ಎಂದು ಫೋನು ಇಟ್ಟ.

ಲ್ಯಾಪ್‌ಟಾಪು ಮನೆಗೆ ಬಂತು. ಝುಬೇರ್ ಕೂತು ಒಂದು ಪುಟ ಟೈಪು ಮಾಡಿದ, ಒಂದಕ್ಷರವೂ ಅಲುಗಲಿಲ್ಲ. ನಜ್ಮುನ್ನೀಸಾ ಒಂದೊಂದೇ ಬೆರಳಲ್ಲಿ ತನ್ನ ಹೆಸರು, ಮಗಳ ಹೆಸರು ಹೊಡೆದಳು, ಅದೂ ನಿಂತಲ್ಲೇ ನಿಂತಿತು. ಬಾಬು ಜಾನ್ ಕೂತ. ನಜ್ಮುನ್ನೀಸಾ ಎಂದಿನಂತೆ ಅವನ ಕೈ ಎತ್ತಿಟ್ಟು ಒಳಗೆ ಚಹಾ ಮಾಡಲು ಹೋದಳು. ಝುಬೇರ್ ಪರದೆಯನ್ನೇ ನೋಡುತ್ತಿದ್ದ. ಎರಡನೆಯ ಸಾಲಿನಲ್ಲೇ ಅಕ್ಷರಗಳು ಹಾರಿ ಮೊದಲ ಸಾಲಿಗೆ ಹೋದವು.

ಝುಬೇರ್ ಪರದೆಯಿಂದ ಕಣ್ಣು ತೆಗೆದ. ಚಹಾ ಕುಡಿದು, ಗ್ಯಾರೇಜಿನಲ್ಲಿ ಕೆಲಸವಿದೆ ಎಂದು ಎದ್ದ. ಬಾಗಿಲ ಹತ್ತಿರ ಅಕ್ಕನನ್ನು ಕರೆದು ಮೆಲುದನಿಯಲ್ಲಿ ಏನೋ ಮಾತಾಡಿದ. ಬಾಬು ಜಾನ್‌ಗೆ ಮಾತು ಕೇಳಿಸಲಿಲ್ಲ, ಆದರೆ ಇಬ್ಬರೂ ತನ್ನ ಕಡೆ ತಿರುಗಿ ನೋಡಿದ್ದು ಕಂಡಿತು.

ಎಲ್ಲರ ಕೈಯಲ್ಲೂ ನೆಟ್ಟಗಿರುವ ಯಂತ್ರ ತನ್ನ ಕೈಯಲ್ಲಿ ಮಾತ್ರ ಕೆಡುತ್ತದೆ ಎಂದರೆ ಕೆಟ್ಟಿರುವುದು ಯಂತ್ರವಲ್ಲ. ಆ ದಿನದಿಂದ ಬಾಬು ಜಾನ್‌ನ ತಲೆಯೊಳಗೆ ಇದು ಕೂತುಬಿಟ್ಟಿತು.

ಅವನಿಗೆ ಈ ಭಯಕ್ಕೆ ಕಾರಣವಿತ್ತು. ಅವನ ತಂದೆ ಕೊನೆಗಾಲದಲ್ಲಿ ಎಲ್ಲ ಮರೆತಿದ್ದರು. ಹಿತ್ತಲಿಗೆಂದು ಎದ್ದವರು ಮದ್ದೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಸಿಕ್ಕಿದ್ದರು. ಮಗನನ್ನು 'ನೀವು ಯಾವೂರು, ಯಾರ ಮನೆಯವರು' ಎಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಆ ಬಹುವಚನ ಬಾಬು ಜಾನ್‌ನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ಈಗ ತನ್ನ ಸರದಿ ಎಂದುಕೊಂಡ. ತಾನು 'ದಿ||' ಎಂದು ಸರಿಯಾದ ಜಾಗದಲ್ಲೇ ಹೊಡೆದೆ ಅಂದುಕೊಂಡದ್ದು ಭ್ರಮೆ. ನಿಜವಾಗಿ ತಾನೇ ಗೆಳೆಯನ ಹೆಸರಿನ ಹಿಂದೆ ಹೊಡೆದು, ಹೊಡೆದದ್ದನ್ನೇ ಮರೆತಿರಬೇಕು. ಇನ್ನೇನು ಹೇಳಲು ಸಾಧ್ಯ?

ಅವನು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಲು ಶುರುಮಾಡಿದ. ಬೆಳಿಗ್ಗೆ ಎದ್ದವನೇ ಲ್ಯಾಪ್‌ಟಾಪಿನ ಮುಂದೆ ಕೂತು, ಮಳವಳ್ಳಿಯಿಂದ ಮದ್ದೂರಿಗೆ, ಮದ್ದೂರಿನಿಂದ ಗೆಜ್ಜಲಗೆರೆ ದಾಟಿ ಮಂಡ್ಯಕ್ಕೆ ಹೋಗುವ ದಾರಿಯ ಊರುಗಳನ್ನು ಸಾಲಾಗಿ ಹೊಡೆಯುತ್ತಿದ್ದ. ಬಾಯಲ್ಲಿ ಹೇಳಿಕೊಂಡು ಹೊಡೆಯುತ್ತಿದ್ದ. ಬಾಯಿ ಸರಿಯಾಗಿ ಹೇಳುತ್ತಿತ್ತು. ತಲೆ ಎತ್ತಿದರೆ ಪರದೆಯ ಮೇಲೆ ಗೆಜ್ಜಲಗೆರೆ ಎರಡು ತುಂಡಾಗಿ, ಒಂದು ತುಂಡು ಮಳವಳ್ಳಿಯ ಮಧ್ಯೆ ತೂರಿಕೊಂಡಿರುತ್ತಿತ್ತು. ಕೆಲವು ದಿನ ಎಲ್ಲ ನೆಟ್ಟಗೆ ಬರುತ್ತಿತ್ತು. ಆ ದಿನ ಅವನು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದ. ಮಾರನೆಯ ದಿನ ಮತ್ತೆ ಅದೇ.

ನಜ್ಮುನ್ನೀಸಾ ಅವನ ಕೈ ಎತ್ತಿಡಲು ಬಂದರೆ ಈಗ ಸಿಡುಕುತ್ತಿದ್ದ. ಒಂದು ದಿನ ಪರದೆ ನೋಡುತ್ತಾ ಒಮ್ಮೆಲೇ ಕೂಗಿದ.

"ನೀನೇನಾದ್ರೂ ಬಂದು ಮುಟ್ಟಿದ್ಯೇನೇ ಇದನ್ನ? ನಿಜ ಏಳು!"

"ನಾನ್ಯಾಕ್ ಮುಟ್ಲಿ? ಒಲೆ ಮುಂದೆ ಇದ್ದೋಳು ನಾನು!"

"ಮತ್ತೆ ಯಾರು ಮುಟ್ಟಿದ್ರು? ಮನೇಲಿ ಇರೋದು ಇಬ್ರೇ. ನೀನಲ್ಲ ಅಂದ್ರೆ ನಾನೇ. ನಾನೇ ಅಂದ್ರೆ..." ಎಂದವನು ಮಾತು ಮುಗಿಸದೆ ಬಲಗೈಯಿಂದ ಲ್ಯಾಪ್‌ಟಾಪನ್ನು ಮುಚ್ಚಿದ. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ, "ನಜ್ಮು, ನನ್ ತಲೆ ಓಯ್ತಾ ಅದೆ. ಅಬ್ಬಾಗೆ ಆದ ಹಂಗೇನೆ. ಒಂದಿನ ನಿನ್ನನ್ನೂ ಯಾರು ನೀವು ಅಂತೀನಿ. ಅವತ್ತು ನೀನು ಅಳ್ಬೇಡ. ಮಗಳ ಮನೆಗೆ ಓಗ್ಬುಡು. ನನ್ನ ಎಲ್ಲಾರಾ ಬಿಡು."

ನಜ್ಮುನ್ನೀಸಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೈಯಲು ಅವಳಿಗೆ ಯಾವ ಭಾಷೆಯೂ ಸಿಗಲಿಲ್ಲ.

ಅವನು ಕೆಲಸ ನಿಲ್ಲಿಸಿದ. ಬಂದವರಿಗೆ ಹುಷಾರಿಲ್ಲ ಎಂದು ಒಳಗಿನಿಂದಲೇ ಹೇಳಿಸಿದ. ಗಡ್ಡ ಬೆಳೆಯಿತು. ಶುಕ್ರವಾರ ಮಸೀದಿಗೂ ಹೋಗಲಿಲ್ಲ. ಪ್ರಾರ್ಥನೆಯ ನಡುವೆ ಮಾತು ಮರೆತುಹೋದರೆ ಜನರ ಮುಂದೆ ಏನು ಗತಿ ಎಂಬ ಹೆದರಿಕೆ. ಒಂದು ಸಂಜೆ ನಜ್ಮುನ್ನೀಸಾ ಹಾಲು ತರಲು ಹೋಗಿ ಬರುವಷ್ಟರಲ್ಲಿ ಮನೆ ಖಾಲಿ. ಕಾಲೆಳೆದುಕೊಂಡು ಊರಾಚೆಯ ಕೆರೆಯ ಏರಿಯವರೆಗೆ ಹೋಗಿ ಕೂತಿದ್ದ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಒಬ್ಬರು ಗುರುತು ಹಿಡಿದು ಜೊತೆಯಲ್ಲಿ ಕರೆತಂದರು.

"ಯಾಕ್ರೀ ಓಗಿದ್ರಿ ಅಲ್ಲಿಗೆ?" ಎಂದು ನಜ್ಮುನ್ನೀಸಾ ಕೇಳಿದಳು.

"ವಾಪಸ್ ಬರೋಕೆ ದಾರಿ ನೆನಪಿರ್ತದಾ ಅಂತ ನೋಡೋಕೆ" ಎಂದ. ಅದು ಪೂರ್ತಿ ನಿಜವಲ್ಲ ಎಂದು ಅವಳಿಗೆ ಅವನ ಮುಖದಿಂದಲೇ ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಅವಳು ಅವನನ್ನು ಮಂಡ್ಯದ ಬಸ್ಸು ಹತ್ತಿಸಿದಳು. ಲ್ಯಾಪ್‌ಟಾಪನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡಳು. ಡಾಕ್ಟರು ನಂಬದಿದ್ದರೆ ತೋರಿಸಬೇಕಲ್ಲ ಎಂದು. ಬಸ್ಸಿನಲ್ಲಿ ಬಾಬು ಜಾನ್ ಊರುಗಳ ಹೆಸರನ್ನು ತುಟಿಯೊಳಗೇ ಹೇಳಿಕೊಳ್ಳುತ್ತಾ ಕೂತಿದ್ದ.

ಡಾಕ್ಟರು ಮತ್ತೆ ಸ್ಕ್ಯಾನು ಮಾಡಿಸಿದರು. ಹೊಸದಾಗಿ ಏನೂ ಆಗಿಲ್ಲ, ಹಳೆಯ ಗಾಯ ಹಾಗೇ ಇದೆ ಎಂದರು. ಕೆಲವು ಪ್ರಶ್ನೆ ಕೇಳಿದರು, ಲೆಕ್ಕ ಕೇಳಿದರು, ಗಡಿಯಾರ ಬರೆಸಿದರು. ಹೆಚ್ಚು ಕಮ್ಮಿ ಸರಿಯಾಗಿಯೇ ಮಾಡಿದ. ಹೊರಗೆ ಬೆಂಚಿನಲ್ಲಿ ನೂರು ಜನ ಕಾಯುತ್ತಿದ್ದರು. "ಚಿಂತೆ ಜಾಸ್ತಿಯಾಗಿದೆ, ಮಾತ್ರೆ ಬರೆದುಕೊಡುತ್ತೇನೆ. ಬಂದಿದ್ದೀರಲ್ಲ, ಫಿಸಿಯೋಥೆರಪಿಯವರಿಗೂ ಭುಜ ತೋರಿಸಿಕೊಂಡು ಹೋಗಿ" ಎಂದರು.

ಇದು ಬಾಬು ಜಾನ್‌ಗೆ ಸಮಾಧಾನ ಕೊಡಲಿಲ್ಲ, ಇನ್ನೂ ಕುಗ್ಗಿಸಿತು. ಹೊಸ ಪೆಟ್ಟಾಗಿದ್ದರೆ ಔಷಧವಾದರೂ ಇರುತ್ತಿತ್ತು. ಸ್ಕ್ಯಾನಿಗೂ ಕಾಣದೆ ಹೋಗುತ್ತಿರುವ ತಲೆಗೆ ಯಾರು ಏನು ಮಾಡುತ್ತಾರೆ?

ಫಿಸಿಯೋಥೆರಪಿಯ ಕೋಣೆಯಲ್ಲಿ ಇದ್ದವಳು ಅಮೃತ ಎಂಬ ತರುಣಿ. ಮೊದಲ ಸಲ ಆಸ್ಪತ್ರೆಯಲ್ಲಿದ್ದಾಗಲೂ ಅವಳೇ ನೋಡಿಕೊಂಡಿದ್ದಳು. ಭುಜವನ್ನು ಒತ್ತಿ ನೋಡಿ ಖುಷಿಪಟ್ಟಳು. "ಆಂಟಿ, ಕೀಲು ಸ್ವಲ್ಪನೂ ಜಾರಿಲ್ಲ. ಚೆನ್ನಾಗಿ ನೋಡ್ಕೊಂಡಿದ್ದೀರ. ಆದರೆ ಕತ್ತು, ಬೆನ್ನು ಬಿಗಿಯಾಗಿದೆ. ಅಂಕಲ್, ಕೆಲಸ ಮಾಡೋವಾಗ ಹೇಗೆ ಕೂತ್ಕೋತೀರ?"

"ಇನ್ನೆಂಥ ಕೆಲ್ಸ" ಎಂದ ಬಾಬು ಜಾನ್.

ನಜ್ಮುನ್ನೀಸಾ ಚೀಲದಿಂದ ಲ್ಯಾಪ್‌ಟಾಪು ತೆಗೆದು ಮೇಜಿನ ಮೇಲಿಟ್ಟಳು. "ತೋರ್ಸಿ. ಅವ್ರು ಕೇಳ್ತಾವ್ರಲ್ಲ" ಎಂದಳು. ಅವನು ಒಲ್ಲದ ಮನಸ್ಸಿನಿಂದ ಕುರ್ಚಿ ಎಳೆದುಕೊಂಡ. ಅವಳು ಎಂದಿನಂತೆ ಎಡಗೈ ಎತ್ತಿ, ಬೆರಳು ಬಿಡಿಸಿ, ಲ್ಯಾಪ್‌ಟಾಪಿನ ಎಡ ಅಂಚಿನ ಮೇಲೆ ಇಟ್ಟಳು. ಮನೆಯ ಪುಟ್ಟ ಮೇಜಿನಲ್ಲಿ ಕೈಗೆ ಬೇರೆ ಜಾಗವೇ ಇರುತ್ತಿರಲಿಲ್ಲ, ಅದೇ ರೂಢಿಯಾಗಿತ್ತು. ಅವನು ತಲೆ ಬಗ್ಗಿಸಿ ಊರುಗಳ ಹೆಸರನ್ನು ಹೊಡೆಯತೊಡಗಿದ.

ಅಮೃತಳಿಗೆ ಪರದೆಯ ಮೇಲೆ ಏನಿದೆ ಎಂಬುದು ಬೇಕಿರಲಿಲ್ಲ. ಅವಳು ನೋಡುತ್ತಿದ್ದದ್ದು ಭುಜ, ಮೊಣಕೈ, ಬೆರಳು. ನಜ್ಮುನ್ನೀಸಾ ಯಾವತ್ತೂ ಕೈ ಇಟ್ಟ ಮೇಲೆ ಅತ್ತ ನೋಡಿದವಳಲ್ಲ. ಅವಳ ಕಣ್ಣು ಪರದೆಯ ಮೇಲಿತ್ತು.

"ಈಗ ಬೆರಳು ಬಿಗೀತಾ ಇದೆ" ಎಂದು ಅಮೃತ ತನ್ನಷ್ಟಕ್ಕೆ ಹೇಳಿಕೊಂಡಳು. "ಹೆಬ್ಬೆಟ್ಟು ಒಳಗಡೆ ಬರ್ತಾ ಇದೆ... ಕೆಳಗೆ ಬಿತ್ತು."

"ಓಯ್ತು! ನೋಡಿ, ಮತ್ತೆ ಓಯ್ತು!" ಎಂದು ಅದೇ ಕ್ಷಣಕ್ಕೆ ನಜ್ಮುನ್ನೀಸಾ ಕೂಗಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಏನು ಹೋಯ್ತು ಆಂಟಿ?"

"ಅಕ್ಷರ. ಮೇಲಕ್ಕೆ ಆರೋಯ್ತು."

ಅಮೃತ ಬಗ್ಗಿ ಆ ಹೆಬ್ಬೆರಳನ್ನು ಹಿಡಿದಳು. ಅದು ಕೀಲಿಗಳ ಕೆಳಗಿನ ನುಣ್ಣನೆಯ ಚೌಕದ ಎಡ ಅಂಚಿನ ಮೇಲೆ ಬಿದ್ದಿತ್ತು. ಅವಳು ಅದನ್ನು ಎತ್ತಿದಳು. "ಈಗ ಹೊಡೀರಿ ಅಂಕಲ್." ಅಕ್ಷರಗಳು ಸಾಲಾಗಿ ಬಂದವು. ಹೆಬ್ಬೆರಳನ್ನು ಚೌಕದ ಮೇಲೆ ತಟ್ಟಿಸಿದಳು. ಅಕ್ಷರ ಮೇಲಕ್ಕೆ ಹಾರಿತು. ಬೆರಳನ್ನು ಒತ್ತಿ ಎಳೆದಳು. ಊರುಗಳೆಲ್ಲ ನೀಲಿಯಾಗಿ, ಮುಂದಿನ ಕೀಲಿಗೆ ಅಳಿಸಿಹೋದವು.

"ಅಂಕಲ್, ಇದು ನಿಮ್ಮ ಕೈ. ನಿಮ್ಮ ಕೈಯೇ ಟಚ್‌ಪ್ಯಾಡ್ ಮುಟ್ತಾ ಇರೋದು. ನಿಮಗೆ ಗೊತ್ತಾಗ್ತಿಲ್ಲ, ಅಷ್ಟೇ. ತಲೆಗೆ ಏನೂ ಆಗಿಲ್ಲ."

ಬಾಬು ಜಾನ್ ತನ್ನ ಎಡಗೈ ನೋಡಿದ. ಬೇರೆ ಯಾರೋ ಮೇಜಿನ ಮೇಲೆ ಬಿಟ್ಟುಹೋದ ವಸ್ತುವನ್ನು ನೋಡುವವನ ಹಾಗೆ ನೋಡಿದ. ಪುಟ್ಟರಾಜುವಿನ ಪತ್ರಿಕೆ ಅವನ ಕಣ್ಣ ಮುಂದೆ ಬಂತು. ಅವತ್ತು ಮೌಸಿನ ಬಾಣ ಗೆಳೆಯನ ಹೆಸರಿನ ಹತ್ತಿರ ನಿಂತಿತ್ತು. ತಾನು ತಲೆ ತಗ್ಗಿಸಿ 'ದಿ||' ಹೊಡೆಯುವ ಹೊತ್ತಿಗೆ ಈ ಬೆರಳು ಬಿದ್ದು ಕರ್ಸರನ್ನು ಅಲ್ಲಿಗೆ ಒಯ್ದಿತ್ತು. ತಾನು ಮರೆತಿರಲಿಲ್ಲ. ಎರಡು ಸಲ ಸರಿಯಾಗಿಯೇ ಹೊಡೆದಿದ್ದ.

ಅವನು ನಗುತ್ತಾನೆ ಎಂದು ಅಮೃತ ಅಂದುಕೊಂಡಿದ್ದಳು. ಅವನು ಬಲಗೈಯಿಂದ ಎಡಗೈಯನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.

ನಜ್ಮುನ್ನೀಸಾ ಗೋಡೆಗೆ ಒರಗಿದ್ದಳು. "ನಾನೇ ಇಟ್ಟಿದ್ದು" ಎಂದಳು. "ಪ್ರತಿ ಸಲ ನಾನೇ ಎತ್ತಿ ಅಲ್ಲಿ ಇಟ್ಟಿದ್ದು. ನೀವು ಬೇಡ ಅಂದಾಗ್ಲೂ ಇಟ್ಟೆ. ಕೆರೆ ತನ್ಕ ನಿಮ್ಮನ್ನ ನಾನೇ ಕಳಿಸ್ದೆ."

"ಆಂಟಿ, ಇಟ್ಟಿದ್ದಕ್ಕೇ ಭುಜ ಉಳಿದಿರೋದು" ಎಂದು ಅಮೃತ ಅವಳ ಕೈ ಹಿಡಿದಳು. "ಇಡೋ ಜಾಗ ಬದಲಾಗಬೇಕು, ಅಷ್ಟೆ. ತೊಡೆ ಮೇಲೆ ಒಂದು ದಿಂಬು ಹಾಕಿ, ಅದರ ಮೇಲೆ ಇಡಿ." ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು, ಸೆಟ್ಟಿಂಗ್ಸಿನಲ್ಲಿ ಹುಡುಕಿ ಟಚ್‌ಪ್ಯಾಡನ್ನೇ ಆಫ್ ಮಾಡಿದಳು. "ನಿಮಗೆ ಮೌಸ್ ಇದೆಯಲ್ಲ. ಇದು ಬೇಡವೇ ಬೇಡ. ಮತ್ತೆ ಆನ್ ಆಗಿದ್ರೆ ಇಲ್ಲಿ ಬಂದು ನೋಡಿ" ಎಂದು ನಜ್ಮುನ್ನೀಸಾಳಿಗೆ ಇನ್ನೊಮ್ಮೆ ತೋರಿಸಿಕೊಟ್ಟಳು.

ಬಾಬು ಜಾನ್ ಬಲಗೈಯಿಂದ ಎಡಗೈಯನ್ನು ಎತ್ತಿ ಆ ಚೌಕದ ಮೇಲೆ ಇಟ್ಟು, ಅತ್ತಿತ್ತ ಉಜ್ಜಿದ. ಕರ್ಸರ್ ಅಲುಗಲಿಲ್ಲ. ಬೆರಳಿಗೂ ಏನೂ ತಿಳಿಯಲಿಲ್ಲ.

"ಇದಕ್ಕೆ ಮುಂದೆ ಗೊತ್ತಾಗ್ತದಾ ಮಗಳೇ?" ಎಂದು ಕೇಳಿದ.

ಅಮೃತ ಆ ಕೈಯನ್ನು ಚೌಕದಿಂದ ಎತ್ತಿ ಅವನ ತೊಡೆಯ ಮೇಲೆ ಇಟ್ಟಳು. "ಎರಡು ವರ್ಷ ಆಗಿದೆ ಅಂಕಲ್. ಆಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಆಗಲ್ಲ ಅಂತಾನೂ ಹೇಳಲ್ಲ" ಎಂದಳು.

ಆ ವಾರವೇ ಅವನು ಝುಬೇರ್‌ನ ಬೈಕಿನ ಹಿಂದೆ ಕೂತು ಪುಟ್ಟರಾಜುವಿನ ಮನೆಗೆ ಹೋದ. ಪುಟ್ಟರಾಜು ಕೊಟ್ಟಿಗೆಯ ಮುಂದೆ ನಿಂತು ಎಲ್ಲವನ್ನೂ ಕೇಳಿದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ.

"ನೀ ಏಳೋದು ದಿಟವೇ ಇರ್ಬೋದು ಕಣ್ಲಾ. ನಂಗೇನೂ ಇಲ್ಲ. ನಮ್ಮವ್ವಂಗೆ ಏಳು. ಅವ್ಳು ಇನ್ನೂ ಸರ್ಯಾಗಿ ಉಣ್ತಿಲ್ಲ."

ಜಗಲಿಯ ಮೇಲೆ ಕೂತಿದ್ದ ತಾಯಿ ಚಿಕ್ಕಮಾದಮ್ಮನಿಗೆ ಕರ್ಸರು, ಟಚ್‌ಪ್ಯಾಡು ಎಂದು ಹೇಳಿ ಉಪಯೋಗವಿರಲಿಲ್ಲ. ಬಾಬು ಜಾನ್ ಅವಳ ಕಾಲ ಬಳಿ ಕಷ್ಟಪಟ್ಟು ಕೂತು, "ಅವ್ವ, ಈ ಕೈ ನಂಗೆ ಗೊತ್ತಿಲ್ದೆ ಆ ಕೆಲ್ಸ ಮಾಡ್ತು" ಎಂದ. ಮುದುಕಿ ಆ ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಬೆರಳುಗಳನ್ನು ಒಂದೊಂದಾಗಿ ಒತ್ತಿದಳು.

"ಗೊತ್ತಾಯ್ತದಾ?"

"ಇಲ್ಲ ಅವ್ವ."

ಉಗುರಿನಿಂದ ಗಟ್ಟಿಯಾಗಿ ಚಿವುಟಿದಳು. ಚರ್ಮ ಕೆಂಪಾಯಿತು.

"ಈಗ?"

"ಇಲ್ಲ."

"ಅಯ್ಯೋ ನನ್ ಕಂದ" ಎಂದಳು ಚಿಕ್ಕಮಾದಮ್ಮ. ಆಮೇಲೆ ಮಗನ ಕಡೆ ತಿರುಗಿ, "ಇವ್ನಿಗೆ ಇಟ್ಟು ಇಕ್ಕೋಕೇಳು, ಅಸ್ಕೊಂಡು ಬಂದವ್ನೆ" ಎಂದಳು. ಅವತ್ತು ಅವಳೂ ಉಂಡಳು.

ಎಲ್ಲ ಮೊದಲಿನಂತೆ ಆಯಿತು ಎಂದು ಹೇಳಲಾಗದು. ಬಿಟ್ಟುಹೋದ ಗಿರಾಕಿಗಳಲ್ಲಿ ಬಹಳ ಜನ ತಿರುಗಿ ಬರಲಿಲ್ಲ. ಅವರಿಗೆ ಬೇರೆ ಅಂಗಡಿ ರೂಢಿಯಾಗಿದೆ. ಪುಟ್ಟರಾಜು ತಾನು ಪಾತ್ರ ಮಾಡುವ ನಾಟಕದ ಕರಪತ್ರ ಕೊಟ್ಟ, ಅದು ತಪ್ಪಿಲ್ಲದೆ ಅಚ್ಚಾಯಿತು. ಅಕ್ಷರಗಳು ಈಗ ಹಾರುವುದಿಲ್ಲ. ಆದರೂ ಪ್ರೆಸ್ಸಿಗೆ ಹೋಗುವ ಮೊದಲು ನಜ್ಮುನ್ನೀಸಾ ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ಎಡ ತುದಿಯಿಂದ ಗಟ್ಟಿಯಾಗಿ ಓದುತ್ತಾಳೆ. ಒತ್ತಕ್ಷರದಲ್ಲಿ ಅವಳು ಎಡವಿದರೆ ಬಾಬು ಜಾನ್ ತಿದ್ದುತ್ತಾನೆ. ಕೆಲವೊಮ್ಮೆ ಯಾರದೋ ಹೆಸರು ತಟ್ಟನೆ ನಾಲಿಗೆಗೆ ಬರದಿದ್ದರೆ ಅವನ ಮುಖ ಬೆಳ್ಳಗಾಗುತ್ತದೆ. ಆಗ ಅವಳು ಓದುವುದನ್ನು ನಿಲ್ಲಿಸಿ ಕಾಯುತ್ತಾಳೆ. ಹೆಸರು ಬರುವವರೆ‌ಗೂ ಮುಂದಿನ ಸಾಲಿಗೆ ಹೋಗುವುದಿಲ್ಲ.